ಲಾಭ, ಎರಡು, ಮೂರು

ಬ್ಯಾಂಕಿನ ಕೆಲಸಕ್ಕೆ ಸೇರಿದ ದಿನ ನಾನು ನೋಟು ಎಣಿಸಲು ಶುರುಮಾಡಿದ್ದು ‘ಒಂದು’ ಎಂದಲ್ಲ, ‘ಲಾಭ’ ಎಂದು. ನಮ್ಮ ಮನೆಯಲ್ಲಿ ಹಾಗೇ ರೂಢಿ. ಕಣದಲ್ಲಿ ರಾಗಿ ಅಳೆಯುವಾಗಲಾಗಲಿ, ಹಿತ್ತಲಲ್ಲಿ ತೆಂಗಿನಕಾಯಿ ಎಣಿಸುವಾಗಲಾಗಲಿ ಅಪ್ಪ ‘ಲಾಭ, ಎರಡು, ಮೂರು’ ಎಂದೇ ಸಾಗುತ್ತಿದ್ದರು. ಕೊಳಗ, ಬಳ್ಳ, ಸೇರು, ಪಾವು ಯಾವುದೇ ಇರಲಿ, ಮೊದಲನೆಯದು ಲಾಭ. ಆ ನಾಲಿಗೆಯನ್ನೇ ಹೊತ್ತುಕೊಂಡು ಹೋಗಿ ಕ್ಯಾಷ್ ಪಂಜರದೊಳಗೆ ಸ್ಟೂಲಿನ ಮೇಲೆ ಕೂತಿದ್ದೆ. ಹೆಡ್ ಕ್ಯಾಷಿಯರು ಕನ್ನಡಕದ ಮೇಲಿನಿಂದ ನೋಡಿದರು. “ತಾಯಿ, ಈ ಪಂಜರದಲ್ಲಿ ನಷ್ಟ ಬಂದ್ರೂ ತಪ್ಪು, ಲಾಭ ಬಂದ್ರೂ ತಪ್ಪು. ಒಂದು ಅನ್ನಮ್ಮ” ಎಂದರು. ಹಿಂದಿನ ಮೇಜಿನವರೆಲ್ಲ ನಕ್ಕರು. ನನಗೆ ಅದರ ಅರ್ಥವಾದದ್ದು ಸಂಜೆ. ಪೆಟ್ಟಿಗೆಯಲ್ಲಿ ಹಣ ಕಡಿಮೆ ಬಿದ್ದರೆ ಕ್ಯಾಷಿಯರು ಕೈಯಿಂದ ಕಟ್ಟಬೇಕು, ಹೆಚ್ಚು ಬಂದರೆ ಅದಕ್ಕೊಂದು ವೋಚರು ಬರೆದು ಬೇರೆ ಖಾತೆಗೆ ಹಾಕಿ ವಿವರಣೆ ಕೊಡಬೇಕು.

ಅದು 1979ರ ಸೆಪ್ಟೆಂಬರ್, ಊರು ತಿಪಟೂರು. ನನಗೆ 22 ವರ್ಷ, ಬಿ.ಎಸ್ಸಿ.ಯಲ್ಲಿ ಮೊದಲ ದರ್ಜೆ. ಕಲನಶಾಸ್ತ್ರ ಬಿಡಿಸಿದವಳಿಗೆ ಕೂಡುವ ಕಳೆಯುವ ಲೆಕ್ಕ ಯಾವ ಮಹಾ ಎಂದುಕೊಂಡೇ ಅರಸೀಕೆರೆಯಿಂದ ಪ್ಯಾಸೆಂಜರ್ ರೈಲು ಹತ್ತಿದ್ದೆ. ಜೊತೆಗೆ ಒಂದು ತಗಡಿನ ಟ್ರಂಕು, ಸುತ್ತಿದ ಜಮಖಾನ, ಅಮ್ಮ ಕಟ್ಟಿಕೊಟ್ಟ ಹುರಿಟ್ಟಿನ ಡಬ್ಬಿ. ಸಂಬಳ ಕೈಗೆ 600 ರೂಪಾಯಿಯ ಆಸುಪಾಸು ಬರುತ್ತಿತ್ತು. ವಠಾರದ ಒಂದು ಕೋಣೆಗೆ 45 ರೂಪಾಯಿ ಬಾಡಿಗೆ. ಬಚ್ಚಲು ಐದು ಮನೆಗೆ ಒಂದು, ಹಂಡೆಗೆ ಉರಿ ಹಾಕುವುದು ಸರದಿಯ ಮೇಲೆ. ನನ್ನ ಕೋಣೆಯಲ್ಲಿ ಒಂದು ಬತ್ತಿ ಸ್ಟೌ, ಒಂದು ಹೂಜಿ, ಗೋಡೆಯಲ್ಲಿ ದೀಪದ ಗೂಡು. ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಕಾಫಿ 40 ಪೈಸೆ, ಮಸಾಲೆ ದೋಸೆ 90 ಪೈಸೆ. ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲಿನಲ್ಲಿ ಕೂತು ದೋಸೆ ತಿನ್ನುವ ಧೈರ್ಯ ಬರಲು ನನಗೆ ಎಂಟು ತಿಂಗಳು ಹಿಡಿಯಿತು. ಅದಕ್ಕೆ ಹೋಲಿಸಿದರೆ ಲೆಡ್ಜರು ಬೇಗ ಬಂತು ಅನ್ನಬೇಕು.

ಆ ಶಾಖೆಗೆ ನಾನು ಮೊದಲ ಹೆಣ್ಣು ಗುಮಾಸ್ತೆ. ಹೆಂಗಸರಿಗೆ ಶೌಚಾಲಯ ಎನ್ನುವ ವಿಚಾರವೇ ಆ ಕಟ್ಟಡಕ್ಕೆ ಹೊಳೆದಿರಲಿಲ್ಲ. ಹಿಂದಿನ ಮನೆಯ ಅಜ್ಜಿಯ ಹಿತ್ತಲಿಗೆ ಹೋಗಿ ಬರಬೇಕಿತ್ತು. ಹೋದಾಗಲೆಲ್ಲ ಅಜ್ಜಿ ಒಂದು ಪ್ರಶ್ನೆ ಕೇಳುತ್ತಿದ್ದರು, ನಾನು ಉತ್ತರ ಹೇಳಿ ಬರುತ್ತಿದ್ದೆ. ಹೀಗೆ ಒಂದು ವರ್ಷದಲ್ಲಿ ಅವರು ಬ್ಯಾಂಕಿಂಗ್ ಕಲಿತರು. ಆಗ ಉಳಿತಾಯ ಖಾತೆಗೆ ಬಡ್ಡಿ ಹಾಕುತ್ತಿದ್ದದ್ದು ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಉಳಿದಿತ್ತೋ ಅಷ್ಟಕ್ಕೆ ಮಾತ್ರ. 11ನೇ ತಾರೀಕು ಹಣ ಕಟ್ಟಿದರೆ ಆ ತಿಂಗಳು ಅದಕ್ಕೆ ಬಡ್ಡಿಯಿಲ್ಲ. ಇದು ತಿಳಿದ ಮೇಲೆ ಅಜ್ಜಿ ಹಾಲು ಮಾರಿದ ದುಡ್ಡನ್ನು ಒಂಬತ್ತನೇ ತಾರೀಕಿಗೇ ತಂದು ಕಟ್ಟಿ, ಬೇಕಾದದ್ದನ್ನು ಮುಂದಿನ ತಿಂಗಳ ಒಂದನೇ ತಾರೀಕಿಗೆ ತೆಗೆಯುತ್ತಿದ್ದರು. ದಿನದ ಬಾಕಿಗೆ ಬಡ್ಡಿ ಲೆಕ್ಕ ಹಾಕುವ ಪದ್ಧತಿ ಬಂದದ್ದು 2010ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅಜ್ಜಿ ಹೋಗಿ ಬಹಳ ಕಾಲವಾಗಿತ್ತು.

ನೋಟು ಎಣಿಸುವುದೇ ನನಗೆ ದೊಡ್ಡ ಗಂಟಲಗಾಣವಾಗಿತ್ತು. 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ರದ್ದು ಮಾಡಿದ್ದರು. 500ರ ನೋಟು ಬಂದದ್ದು 1987ರಲ್ಲಿ. ನಡುವಿನ ಆ ಕಾಲದಲ್ಲಿ 100 ರೂಪಾಯಿಯದೇ ದೊಡ್ಡ ನೋಟು. ಕೊಬ್ಬರಿ ಹರಾಜಿನ ದಿನ ಮಂಡಿ ಯಜಮಾನರು ಬಂದು, ರೈತರಿಗೆ ಹಂಚಬೇಕು, ಹತ್ತರಲ್ಲೇ ಕೊಡಿ ಅನ್ನುತ್ತಿದ್ದರು. 50,000 ರೂಪಾಯಿ ಎಂದರೆ 5,000 ಹಾಳೆ, 50 ಕಟ್ಟು. ಕಟ್ಟುಗಳಿಗೆ ದಪ್ಪ ತಂತಿಯ ಪಿನ್ನು ಹೊಡೆದಿರುತ್ತಿದ್ದರು. ಅದನ್ನು ಕೀಳುವಾಗ ಉಗುರಿನ ಬುಡ ಕಿತ್ತು ಬರುತ್ತಿತ್ತು. ಪಿನ್ನು ಹೊಡೆಯಬೇಡಿ, ಕಾಗದದ ಪಟ್ಟಿ ಸುತ್ತಿ ಎಂದು ರಿಸರ್ವ್ ಬ್ಯಾಂಕು ಆಜ್ಞೆ ಹೊರಡಿಸಿದ್ದು 2001ರಲ್ಲಿ. ನನ್ನ ಬೆರಳುಗಳ ಮಟ್ಟಿಗೆ ಬಹಳ ತಡವಾಯಿತು. ಆ ನೋಟುಗಳ ವಾಸನೆ ಮಾತ್ರ ಈಗಲೂ ಮೂಗಿನಲ್ಲಿದೆ. ಕೊಬ್ಬರಿ ಎಣ್ಣೆ, ಹೊಗೆಸೊಪ್ಪು, ಎಲೆಅಡಿಕೆ ಸಂಚಿಯ ಸುಣ್ಣ, ಅದರ ಮೇಲೊಂದಿಷ್ಟು ಬೆವರು. ಮೂಗಿನ ಮೇಲೆ ಸೆರಗು ಹಿಡಿದವಳನ್ನು ನೋಡಿ ರೈತನೊಬ್ಬ, “ದುಡ್ಡು ನಾರ್ತದಾ ಅವ್ವ? ನಮ್ಗೆ ಯಾವತ್ತೂ ನಾತಿಲ್ಲ ಬಿಡಿ” ಅಂದಿದ್ದ.

ಹೆಡ್ ಕ್ಯಾಷಿಯರು ಒಂದು ಕಟ್ಟನ್ನು ಎಣಿಸಲು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನನ್ನದು 30 ಹಾಳೆ ದಾಟುತ್ತಿರಲಿಲ್ಲ. ಕೌಂಟರಿನಾಚೆ ಜನ ಕಂಬಿಗೆ ಕೈಯಿಟ್ಟು ನನ್ನ ಬೆರಳನ್ನೇ ನೋಡುತ್ತ ನಿಂತರೆ 60ಕ್ಕೆ ಬರುವ ಹೊತ್ತಿಗೆ ಲೆಕ್ಕ ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಮನೆಯಲ್ಲಿ ಅಭ್ಯಾಸ ಮಾಡೋಣವೆಂದು ಅಂಗಡಿಯಿಂದ ಇಸ್ಪೀಟಿನ ಎರಡು ಕಟ್ಟು ತಂದೆ. ರಾತ್ರಿ ಬಾಗಿಲು ಹಾಕಿಕೊಂಡು, ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ ಅದ್ದಿ ಎಣಿಸಿದೆ. ನಾಲ್ಕನೇ ದಿನಕ್ಕೆ ವಠಾರದಲ್ಲಿ ಸುದ್ದಿಯಾಯಿತು, ಬ್ಯಾಂಕಿನ ಹುಡುಗಿ ರಾತ್ರಿಯೆಲ್ಲ ಇಸ್ಪೀಟಾಡುತ್ತಾಳೆ ಎಂದು. ಮನೆಯೊಡತಿ ಬಾಗಿಲು ತಟ್ಟಿ ಒಳಗೆ ಇಣುಕಿದರು. ಎದುರಾಳಿ ಯಾರೂ ಕಾಣಲಿಲ್ಲ. ಒಬ್ಬಳೇ ಆಡುವವಳನ್ನು ಕಂಡು ಅವರಿಗೆ ಇನ್ನೂ ಗಾಬರಿಯಾಯಿತು. ಅಪ್ಪನಿಗೆ ಕಾಗದ ಹೋಯಿತು. ಅಪ್ಪ ರೈಲು ಹತ್ತಿ ಬಂದು, ವಿಷಯ ತಿಳಿದು, ಜಗಲಿಯಲ್ಲಿ ಕೂತು ನಕ್ಕು, ಹೋಗುವಾಗ ಆ ಕಟ್ಟಿನಲ್ಲೊಂದನ್ನು ತಾವೇ ತೆಗೆದುಕೊಂಡು ಹೋದರು.

ಆರು ವಾರ ಕಳೆದ ಮೇಲೆ ಒಂದು ದಿನ, ಕೌಂಟರಿನಲ್ಲಿ ಯಾರೊಂದಿಗೋ ಮಾತಾಡುತ್ತ ಒಂದು ಕಟ್ಟು ಮುಗಿಸಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ನೂರು ಸರಿಯಾಗಿತ್ತು. ಅದನ್ನು ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದೆ. ಹೆಡ್ ಕ್ಯಾಷಿಯರು ತಲೆ ಎತ್ತದೆ ಎರಡನೇ ಕಟ್ಟನ್ನು ನನ್ನ ಕಡೆ ತಳ್ಳಿದರು.

ನಂತರ ಉಳಿತಾಯದ ಲೆಡ್ಜರಿಗೆ ಹಾಕಿದರು. ಅಂಟಿನ, ಬ್ರಿಲ್ ಇಂಕಿನ ವಾಸನೆಯ ಆ ದೊಡ್ಡ ಪುಸ್ತಕ ಎತ್ತಲು ಎರಡು ಕೈ ಬೇಕಿತ್ತು. ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡಬೇಕು, ಅದರ ನಂಬರನ್ನು ಚೀಟಿಯ ಮೇಲೆ ಬರೆಯಬೇಕು, ಖಾತೆಯ ಪುಟ ತೆಗೆದು ಖರ್ಚು ಹಾಕಿ ಬಾಕಿ ಎಳೆಯಬೇಕು, ಆಫೀಸರು ಸಹಿ ನೋಡಿ ಪಾಸು ಮಾಡಬೇಕು, ಆಮೇಲೆ ಕ್ಯಾಷಿಯರು ಟೋಕನ್ ನಂಬರು ಕೂಗಬೇಕು. ನನ್ನ ಲೆಡ್ಜರಿನಲ್ಲಿ ಆರು ಜನ ಸಿದ್ದಲಿಂಗಪ್ಪಂದಿರಿದ್ದರು. ಒಬ್ಬರ ಖರ್ಚನ್ನು ಇನ್ನೊಬ್ಬರ ಪುಟಕ್ಕೆ ಹಾಕಿದೆ. ಹಣವಿದ್ದೂ ಹಣವಿಲ್ಲ ಎಂದು ಮೂರನೇ ಸಿದ್ದಲಿಂಗಪ್ಪನವರಿಗೆ ಹೇಳಿ ಕಳಿಸಿದೆ. ಅವರ ಮನೆಯಲ್ಲಿ ಮದುವೆ. ಮರುದಿನ ಅವರು ನೆಂಟರಿಷ್ಟರ ಸಮೇತ ಬಂದು ನಿಂತರು. ನಾನು ರೆಕಾರ್ಡ್ ರೂಮಿನಲ್ಲಿ ಹಳೇ ಕಡತಗಳ ನಡುವೆ ಅರಗಿನ ವಾಸನೆ ಕುಡಿಯುತ್ತ ಒಂದು ಗಂಟೆ ಅಡಗಿ ಕೂತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆಗ ಬಂದದ್ದು ನಗುವಲ್ಲ.

ಹಿರಿಯರು ಕೈಹಿಡಿದು ಕಲಿಸಿದರು ಎಂದು ಬರೆಯಲು ನನಗೂ ಆಸೆ. ಆದರೆ ಎಲ್ಲರೂ ಹಾಗಿರಲಿಲ್ಲ. ನನ್ನ ಪಕ್ಕದ ಮೇಜಿನ ಹಿರಿಯ ಗುಮಾಸ್ತರು ತಮ್ಮ ಕೆಲಸ ಯಾರಿಗೂ ಕಾಣದಂತೆ ಮೊಣಕೈ ಅಡ್ಡ ಇಟ್ಟು ಬರೆಯುತ್ತಿದ್ದರು. ಏನು ಕೇಳಿದರೂ “ಸರ್ಕ್ಯುಲರ್ ಓದಿ” ಎಂದು ಕಡತ ತೋರಿಸುತ್ತಿದ್ದರು. ಸರ್ಕ್ಯುಲರ್ ಓದಿದರೆ ಅದು ಹಿಂದಿನ ಸರ್ಕ್ಯುಲರ್ ನೋಡಿ ಅನ್ನುತ್ತಿತ್ತು. ನನಗೆ ನಿಜವಾಗಿ ಕಲಿಸಿದವನು ನಾಲ್ಕನೇ ಕ್ಲಾಸು ಓದಿದ ಜವಾನ. 20 ವರ್ಷ ಲೆಡ್ಜರು ಹೊತ್ತು, ಎಲ್ಲರ ಬೈಗುಳ ಕೇಳಿ, ಯಾವ ತಪ್ಪು ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಅವನ ವಿದ್ಯೆ ಕಂಡದ್ದು 1980ರ ಜೂನ್ 30ರ ರಾತ್ರಿ. ಆಗೆಲ್ಲ ಬ್ಯಾಂಕಿನ ವರ್ಷ ಜನವರಿಯಿಂದ ಡಿಸೆಂಬರಿಗೆ. ಜೂನ್ 30 ಮತ್ತು ಡಿಸೆಂಬರ್ 31 ಲೆಕ್ಕ ಮುಗಿಸುವ ದಿನಗಳು. ಗಿರಾಕಿಗಳಿಗೆ ಬಾಗಿಲು ಹಾಕಿರುತ್ತಿತ್ತು, ಒಳಗೆ ನಮಗೆ ಜಾತ್ರೆ. ಒಂದೊಂದು ಖಾತೆಗೂ ಆರು ತಿಂಗಳ ಬಡ್ಡಿಯನ್ನು ಕೈಯಲ್ಲೇ ಹಾಕಿ, ಎಲ್ಲವನ್ನೂ ಕೂಡಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡಬೇಕು. ಇದ್ದದ್ದು ಲೆಕ್ಕ ಹಾಕುವ ಒಂದೇ ಫೇಸಿಟ್ ಯಂತ್ರ. ಅದರ ಹಿಡಿ ತಿರುಗಿಸಲು ಸರದಿ. ಹೋಟೆಲಿನಿಂದ ಚಿತ್ರಾನ್ನ ಬಂತು, ಕರೆಂಟು ಹೋಯಿತು, ಪೆಟ್ರೋಮ್ಯಾಕ್ಸ್ ಬಂತು. ನನ್ನ ಲೆಡ್ಜರು 2 ರೂಪಾಯಿ 70 ಪೈಸೆಗೆ ತಾಳೆಯಾಗಲಿಲ್ಲ. ನನ್ನೊಬ್ಬಳಿಂದ ಹದಿನಾಲ್ಕು ಜನ ಮನೆಗೆ ಹೋಗುವಂತಿಲ್ಲ. ಬ್ಯಾಗಿನಿಂದ 2.70 ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟು, “ಸಾರ್, ನಾನೇ ಕೊಡ್ತೀನಿ, ಎಲ್ರೂ ಹೋಗೋಣ” ಅಂದೆ. ಹಾಗೆ ಮಾಡಬಹುದು ಎಂದು ನಿಜಕ್ಕೂ ನಂಬಿದ್ದೆ. ಅವರು ಆ ಚಿಲ್ಲರೆಯನ್ನು ನೋಡಿದರು, ನನ್ನನ್ನು ನೋಡಿದರು, ಕಾಫಿ ತರಿಸಿದರು.

ಕಾಫಿ ತಂದ ಜವಾನ ಕೇಳಿದ, “ಎಷ್ಟಕ್ಕೆ ಬಿದ್ದದೆ ಮೇಡಂ?” ಹೇಳಿದೆ. “ಇನ್ನೂರ ಎಪ್ಪತ್ತು ಒಂಬತ್ತರಾಗೆ ಹೋಯ್ತದೆ. ಎಲ್ಲೋ ಅಂಕಿ ಹಿಂದ್ಮುಂದಾಗದೆ. ಒಂಬತ್ಮೂರ್ಲ ಇಪ್ಪತ್ತೇಳು, ಮೂರು ಫರಕು ಇರೋ ಜೋಡಿ ನೋಡ್ಕಳಿ” ಅಂದ. ಬಿ.ಎಸ್ಸಿ. ಮೊದಲ ದರ್ಜೆಯವಳು ಬಾಯಿ ಬಿಟ್ಟುಕೊಂಡು ಕೇಳಿದೆ. ಎರಡೂವರೆ ಗಂಟೆಗೆ ಸಿಕ್ಕಿತು. 16 ರೂಪಾಯಿ 30 ಪೈಸೆ ಬಡ್ಡಿಯನ್ನು ನಾನು 13 ರೂಪಾಯಿ 60 ಪೈಸೆ ಎಂದು ಏರಿಸಿದ್ದೆ. ಒಂಬತ್ತರ ಆ ಗುಟ್ಟಿನ ಹಿಂದಿನ ಬೀಜಗಣಿತ ಎರಡು ಸಾಲಿನದು, ನನಗೆ ಬರುತ್ತಿದ್ದದ್ದೇ. ಅದನ್ನು ಇಲ್ಲಿಗೆ ಹಚ್ಚಬೇಕು ಎಂದು ಹೊಳೆದಿರಲಿಲ್ಲ, ಅಷ್ಟೇ. ಫರಕು ಸಮಸಂಖ್ಯೆಯಾದರೆ ಅರ್ಧ ಮಾಡಿ ಹುಡುಕು, ಜಮೆ ಖರ್ಚಿನ ಕಡೆಗೆ ಹೋಗಿರುತ್ತದೆ ಎಂಬ ಎರಡನೇ ಗುಟ್ಟನ್ನು ಅವನು ಹೇಳಿದ್ದು ಡಿಸೆಂಬರಿನಲ್ಲಿ. ಎರಡನ್ನೂ ಚೀಟಿಯಲ್ಲಿ ಬರೆದು ಡ್ರಾಯರಿನ ಒಳಮೈಗೆ ಅಂಟಿಸಿದೆ. ಪಕ್ಕದ ಮೇಜಿನವರು ಕಂಡರೆ ಮೊಣಕೈ ಅಡ್ಡ ಇಡುತ್ತಿದ್ದೆ. ಅಷ್ಟು ಬೇಗ ನಾನೂ ಅವರಂತಾಗಿದ್ದೆ.

100 ರೂಪಾಯಿ ಕಡಿಮೆ ಬಿದ್ದದ್ದು ಮರುವರ್ಷ, ಒಂದು ಹರಾಜಿನ ದಿನ. ಯಾರಿಗೆ ಒಂದು ಹಾಳೆ ಹೆಚ್ಚು ಹೋಯಿತೋ ಗೊತ್ತಾಗಲಿಲ್ಲ. ಮಾಲೇಕಲ್ಲು ತಿರುಪತಿಗೆ ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತೇನೆಂದು ಹರಕೆ ಹೊತ್ತೆ. ಹಣ ಸಿಗಲಿಲ್ಲ. ಸಾಲ ಮಾಡಿ ಕಟ್ಟಿ, ತಿಂಗಳಿಗೆ 25ರಂತೆ ನಾಲ್ಕು ತಿಂಗಳು ತೀರಿಸಿದೆ. ಹಣ ಸಿಗದಿದ್ದರೂ ಹರಕೆ ತೀರಿಸಬೇಕೇ ಎಂಬ ಬಗ್ಗೆ ಅಮ್ಮನಿಗೂ ನನಗೂ ವಾದವಾಯಿತು. ಅಮ್ಮ ಗೆದ್ದರು, ಮೆಟ್ಟಿಲು ಹತ್ತಿದೆ.

ಎಂಬತ್ತರ ದಶಕದ ಮೊದಲಲ್ಲಿ ಕಂಪ್ಯೂಟರ್ ಬರುತ್ತದೆ, ಕೆಲಸ ತಿನ್ನುತ್ತದೆ ಎಂದು ಯೂನಿಯನ್ನಿನವರು ಕೂಗಿದಾಗ ನಾನೂ ತುಮಕೂರಿನ ಬೀದಿಯಲ್ಲಿ ಕೈ ಎತ್ತಿ ಕೂಗಿದೆ. ಕಂಪ್ಯೂಟರನ್ನು ಕಣ್ಣಿಂದ ಕಂಡಿರಲಿಲ್ಲ. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ಯೂನಿಯನ್ನುಗಳಿಗೂ ಒಪ್ಪಂದವಾಯಿತು. ಮುಂದೆ ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿಯ ವರದಿ ಬಂತು. ನನ್ನ ಮುಂದೆ ಯಂತ್ರ ಬಂದು ಕೂತಾಗ 1991, ನಾನು ಬೆಂಗಳೂರಿನ ಶಾಖೆಯಲ್ಲಿದ್ದೆ, ಮಗಳಿಗೆ ಐದು ವರ್ಷ. ಲೆಡ್ಜರು ಏರಿಸುವ ಆ ಯಂತ್ರಕ್ಕೆ ಎಎಲ್‌ಪಿಎಂ ಎಂದು ಹೆಸರು. ಅದಕ್ಕೊಂದು ಗಾಜಿನ ಕೋಣೆ, ನಮಗಿಲ್ಲದ ಏಸಿ. ದೇವರ ಮನೆಗೆ ಹೋಗುವಂತೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಐದು ದಿನ ತರಬೇತಿ ಕೊಟ್ಟರು. ಕೀಲಿ ಒತ್ತಿದರೆ ಎಲ್ಲರ ಖಾತೆಯೂ ಅಳಿಸಿಹೋದೀತು ಎಂಬ ಭಯದಲ್ಲಿ ಮೊದಲ ದಿನ ತೋರುಬೆರಳೊಂದರಿಂದಲೇ, ಕಾದ ಕಾವಲಿ ಮುಟ್ಟಿ ನೋಡುವ ಹಾಗೆ ಒತ್ತಿದೆ. ಒಂದು ತಿಂಗಳು ಯಂತ್ರದಲ್ಲೂ ಏರಿಸಿ, ನಂಬಿಕೆಯಿಲ್ಲದೆ ಲೆಡ್ಜರಿನಲ್ಲೂ ಬರೆದೆವು. ಆ ತಿಂಗಳು ತಪ್ಪಿದ್ದೆಲ್ಲ ಲೆಡ್ಜರಿನಲ್ಲಿ. ಎರಡು ವಾರದ ನಂತರ ನನಗೆ ಯಾರೂ ಹೇಳದೆಯೇ ಯೂನಿಯನ್ನಿನ ಆ ಘೋಷಣೆ ಮರೆತುಹೋಗಿತ್ತು. ಹಾಗೆಂದು ಅವರ ಭಯ ಪೂರ್ತಿ ಸುಳ್ಳೂ ಆಗಲಿಲ್ಲ. 2001ರ ಆಸುಪಾಸಿನಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ನಮ್ಮ ಶಾಖೆಯಿಂದಲೇ ಐದು ಜನ ಹೊರಟರು. ಅವರಲ್ಲಿ ಮೂವರು ಒಳ್ಳೆಯ ಲೆಕ್ಕಿಗರು, ಕೀಲಿಮಣೆಗೆ ಹೆದರಿದವರು.

ಶಾಖೆಗಳನ್ನೆಲ್ಲ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಕೋರ್ ಬ್ಯಾಂಕಿಂಗ್ ಬಂದಾಗ ನನಗೆ 49. ಕಲಿಸಲು ಬಂದವನಿಗೆ 23. ನನ್ನನ್ನು ಮೊದಲ ದಿನ ‘ಮೇಡಂ’ ಎಂದ, ಎರಡನೇ ದಿನ ‘ಆಂಟಿ’ ಎಂದ, ಮೂರನೇ ದಿನ ಏನೂ ಅನ್ನದೆ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ತಾನೇ ಮಾಡತೊಡಗಿದ. ಹಾಗೆ ಕಲಿಸಿದರೆ ಯಾರಿಗೂ ಏನೂ ಬರುವುದಿಲ್ಲ. “ಕೈ ನನ್ನದಿರಲಿ, ಬಾಯಿ ನಿನ್ನದಿರಲಿ ಮರಿ” ಅಂದೆ. ಆಮೇಲೆ ಸರಿಹೋಯಿತು. ಪ್ರತಿ ತಿಂಗಳು ಪಾಸ್‌ವರ್ಡ್ ಬದಲಿಸಬೇಕಿತ್ತು. ನಮ್ಮೂರ ಕೊಟ್ಟಿಗೆಯಲ್ಲಿದ್ದ ಹಸುಗಳ ಹೆಸರುಗಳನ್ನು ಒಂದೊಂದಾಗಿ ಬಳಸಿದೆ: ಗೌರಿ, ಕಾವೇರಿ, ಕೆಂಪಿ, ಕೊಂಬು ಮುರಿದ ಲಕ್ಷ್ಮಿ. ಹಸು ಮುಗಿದ ಮೇಲೆ ಎಮ್ಮೆಗಳಿಗೆ ಬಂದೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದಾಗ ನಿವೃತ್ತಿಗೆ ಎಂಟು ತಿಂಗಳಿತ್ತು. ತುಮಕೂರಿನ ಶಾಖೆಯಲ್ಲಿದ್ದೆ. 10ನೇ ತಾರೀಕು ಬಾಗಿಲು ತೆಗೆದಾಗ ಸಾಲು ರಸ್ತೆ ತಿರುವಿನವರೆಗೆ ಹೋಗಿತ್ತು. ಬೆಳಿಗ್ಗೆ ಕಲಿತ ನಿಯಮ ವಾರ ಉಳಿಯುತ್ತಿರಲಿಲ್ಲ. ಬದಲಾಯಿಸಲು ಮೊದಲು 4,000, ಆಮೇಲೆ 4,500, 18ರಿಂದ 2,000, 24ರ ನಂತರ ಅದೂ ಇಲ್ಲ. ನಡುವೆ ಬೆರಳಿಗೆ ಮಸಿ ಹಚ್ಚಿ ಎಂದರು. ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಅದೇ ಚುನಾವಣೆಯ ಮಸಿ. ನನ್ನ ಸಹೋದ್ಯೋಗಿ ಹುಡುಗಿಯರು ಇಬ್ಬರು ಸಂಜೆ ಶೌಚಾಲಯದಲ್ಲಿ ಅಳುತ್ತಿದ್ದರು. ಈಗ ಶೌಚಾಲಯ ಇತ್ತಲ್ಲ. ನಾನು ಅಳಲಿಲ್ಲ, ಅದು ಧೈರ್ಯದಿಂದಲ್ಲ. ತಪ್ಪಾದರೆ ಎಷ್ಟು ಕಟ್ಟಬೇಕಾದೀತು ಎಂಬ ಲೆಕ್ಕ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಎಣಿಸುವ ಯಂತ್ರ ಬಿಸಿಯಾಗಿ ನಿಂತಾಗ ಬಟ್ಟಲಲ್ಲಿ ನೀರು ತರಿಸಿ ಕೈಯಿಂದ ಎಣಿಸಿದೆ. ಹುಡುಗರು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು.

ತಮ್ಮನ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾಳೆ. ಕಳೆದ ದೀಪಾವಳಿಗೆ ಬಂದವಳು ಎಣ್ಣೆನೀರಿನ ದಿನವೂ ಲ್ಯಾಪ್‌ಟಾಪ್ ಬಿಡಲಿಲ್ಲ. ಏನೋ ಹೊಸದನ್ನು ಮೂರು ವಾರದಲ್ಲಿ ಕಲಿಯಬೇಕಂತೆ, ಎಲ್ಲ ವೀಡಿಯೊದಲ್ಲೇ ಇದೆಯಂತೆ. “ಯಾರನ್ನಾದ್ರೂ ಕೇಳೇ” ಅಂದೆ. “ಕೇಳಿದ್ರೆ ಗೊತ್ತಿಲ್ಲ ಅಂತ ಗೊತ್ತಾಗತ್ತೆ ಅತ್ತೆ” ಅಂದಳು. ನಮಗೆ ಗೊತ್ತಿಲ್ಲ ಎಂಬುದು ಎದುರಿನ ಸಾಲಿಗೆಲ್ಲ ಕಾಣುತ್ತಿತ್ತು, ಮುಚ್ಚಿಡುವ ಕಷ್ಟವಿರಲಿಲ್ಲ. ಅವಳಿಗೆ ಒಂಬತ್ತರ ಗುಟ್ಟು ಹೇಳಿದೆ. ಆಸಕ್ತಿಯಿಂದ ಕೇಳಿ, ಅದು ತನ್ನ ಯಾವ ಕೆಲಸಕ್ಕೂ ಬಾರದು ಎಂದು ಮರ್ಯಾದೆಯಿಂದ ತಿಳಿಸಿದಳು.

ನಾನು ನಿವೃತ್ತಳಾದದ್ದು 2017ರ ಜೂನ್ 30. ಮರುದಿನದಿಂದ ಜಿಎಸ್‌ಟಿ. ಶಾಖೆಯಲ್ಲಿ ಎಲ್ಲರೂ ಹೊಸ ತೆರಿಗೆಯ ಸುತ್ತೋಲೆ ಹಿಡಿದು ಓಡಾಡುತ್ತಿದ್ದರು, ಬೀಳ್ಕೊಡುಗೆಯನ್ನು ಹದಿನೈದು ನಿಮಿಷದಲ್ಲಿ ಮುಗಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಬಾದಾಮಿ ಹಲ್ವ. ಅಂದು ಕೌಂಟರಿನಲ್ಲಿ ಕೂರಬೇಡಿ ಎಂದರೂ ನಾನೇ ಹಠ ಮಾಡಿ ಕೂತಿದ್ದೆ. ಸಂಜೆ ಪೆಟ್ಟಿಗೆ ತಾಳೆ ನೋಡಿದರೆ 10 ರೂಪಾಯಿ ಹೆಚ್ಚು. ಎರಡು ಸಲ ಎಣಿಸಿದೆ, ಹತ್ತು ಹೆಚ್ಚೇ. ಬ್ಯಾಗಿಗೆ ಹಾಕಿಕೊಳ್ಳುವಂತಿಲ್ಲ, ಬಿಡುವಂತಿಲ್ಲ, ಖಾತೆಗೆ ಹಾಕಲೇಬೇಕು. ಹೊಸ ಹುಡುಗ ಆಫೀಸರನಿಗೆ ಆ ಖಾತೆ ಯಾವ ಮೆನುವಿನಲ್ಲಿದೆ ಎಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಮೆನು ಹಿಂದಿನ ವಾರ ಬದಲಾಗಿತ್ತು. ಇಬ್ಬರೂ ಪರದೆಯ ಮುಂದೆ ತಲೆ ಸೇರಿಸಿ ಹುಡುಕಿದೆವು. ಹೊರಗೆ ಮಗಳು ಆಟೋ ನಿಲ್ಲಿಸಿಕೊಂಡು ಫೋನ್ ಮಾಡುತ್ತಲೇ ಇದ್ದಳು. ಹಾರ ಕೀಲಿಮಣೆಗೆ ಅಡ್ಡ ಬರುತ್ತಿತ್ತೆಂದು ಹೆಗಲ ಹಿಂದಕ್ಕೆ ಹಾಕಿಕೊಂಡೆ. ಆರು ಗಂಟೆ ಹತ್ತು ನಿಮಿಷಕ್ಕೆ ಸಿಕ್ಕಿತು.